ಮಳೆಗಾಲದ ಬೈಕು: ಒಳಹೊಕ್ಕ ನೀರಿಗೆ ದಾರಿ ಬಿಡಿ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆಯ ಗ್ಯಾರೇಜುಗಳಿಗೆ ಬರುವ ದೂರುಗಳೇ ಬೇರೆ. ಬೇಸಿಗೆಯಲ್ಲಿ ಜನ ಮೈಲೇಜ್ ಇಲ್ಲ, ಪಿಕಪ್ ಇಲ್ಲ ಅಂತ ಬರುತ್ತಾರೆ. ಮಳೆಗಾಲದಲ್ಲಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು. "ನಿನ್ನೆ ಸಂಜೆ ಘಾಟಿ ಹತ್ತುವಾಗ ಪಟಪಟ ಅಂತು, ನಿಂತೇ ಹೋಯ್ತು ಮಾರಾಯ್ರೆ. ಬೆಳಿಗ್ಗೆ ನೋಡಿದ್ರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್!" ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥ ಜಾಗದಲ್ಲಿ ಕತ್ತಲಾದ ಮೇಲೆ ಗಾಡಿ ನಿಂತರೆ ಜೀವಕ್ಕೇ ಅಪಾಯ. ಮಂಜಿನಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ.

ಮಳೆಗೆ ಬೈಕನ್ನು ಸಿದ್ಧ ಮಾಡುವುದೆಂದರೆ ನೀರು ಒಳಗೆ ಹೋಗದಂತೆ ಕಟ್ಟುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಪ್ಲಗ್ಗಿನ ಕ್ಯಾಪಿಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತುತ್ತಾರೆ. ವೈರುಗಳಿಗೆ ಸುರುಳಿಗಟ್ಟಲೆ ಟೇಪ್ ಹಾಕುತ್ತಾರೆ. ಸೈಲೆನ್ಸರಿನ ಕೆಳಗೆ ತೂತು ಕಂಡರೆ ವೆಲ್ಡಿಂಗ್ ಮಾಡಿಸುತ್ತಾರೆ. ನಮ್ಮ ಜಡಿಮಳೆಯಲ್ಲಿ ನೀರು ಒಳಗೆ ಬಂದೇ ಬರುತ್ತದೆ. ಗಾಡಿ ವಿನ್ಯಾಸ ಮಾಡಿದವರಿಗೂ ಇದು ಗೊತ್ತು. ಅದಕ್ಕೇ ಅವರು ಗಾಡಿಯ ತುಂಬ ಸಣ್ಣ ತೂತು, ಸಣ್ಣ ಪೈಪು ಇಟ್ಟಿದ್ದಾರೆ. ಬಂದ ನೀರು ಅವುಗಳ ಮೂಲಕ ಇಳಿದು ಹೋಗಬೇಕು. ಮಳೆಯಲ್ಲಿ ಕೈಕೊಟ್ಟ ಗಾಡಿಗಳನ್ನು ಬಿಚ್ಚಿ ನೋಡಿದಾಗ ನನಗೆ ಹೆಚ್ಚಾಗಿ ಸಿಗುವುದು ಕಟ್ಟಿಕೊಂಡ ತೂತು, ಅದರ ಹಿಂದೆ ನಿಂತ ನೀರು. ಹಾಗಾಗಿ ಮಳೆಗಾಲದ ಸರ್ವಿಸ್ ಅಂದರೆ ಮೊದಲು ಆ ದಾರಿಗಳನ್ನು ಬಿಡಿಸುವುದು.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಟ್ಯಾಂಕಿನ ಮಟ್ಟಕ್ಕೇ ಕೂರುವ ಬೀಗದ ಮುಚ್ಚಳವಾದರೆ ಅದನ್ನು ತೆರೆದಾಗ ಸುತ್ತ ಒಂದು ತಗ್ಗು ಕಾಣುತ್ತದೆ. ಅದರಲ್ಲಿ ಒಂದು ಸಣ್ಣ ತೂತು. ಅಲ್ಲಿಂದ ಪೈಪೊಂದು ಟ್ಯಾಂಕಿನೊಳಗಿಂದಲೇ ಹಾದು ಎಂಜಿನ್ನಿನ ಹಿಂದೆ ಕೆಳಗಿಳಿಯುತ್ತದೆ. ಬೇಸಿಗೆಯ ಧೂಳು ಇದರಲ್ಲಿ ಸೇರಿ ಗಟ್ಟಿಯಾಗುತ್ತದೆ. ಮಳೆ ಬಂದಾಗ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ ಆ ನೀರು ಸೀದಾ ಪೆಟ್ರೋಲಿಗೆ ಇಳಿಯುತ್ತದೆ. ಮುಚ್ಚಳ ಹಾಕಿಕೊಂಡೇ ಅದರ ಸುತ್ತ ಒಂದು ಲೋಟ ನೀರು ಸುರಿಯಿರಿ. ಸ್ವಲ್ಪ ಹೊತ್ತಿಗೆ ಕೆಳಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ನೀರನ್ನು ಬಟ್ಟೆಯಲ್ಲಿ ಒರೆಸಿ ತೆಗೆದು, ಆಮೇಲೆ ಮುಚ್ಚಳ ತೆರೆದು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದಿಂದ ತೂತು ಬಿಡಿಸಿ. ತಂತಿ ಬೇಡ, ರಬ್ಬರ್ ಪೈಪು ಹರಿದೀತು.

ಪೆಟ್ರೋಲಿಗೆ ನೀರು ಸೇರಿದರೆ ಮೊದಲಿಗಿಂತ ಈಗ ತೊಂದರೆ ಜಾಸ್ತಿ. ಬಂಕಿನಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಎಂಜಿನ್ನಿಗೆ ಹೋಗಿ ಉರಿದು ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ನೀರು ಮಿತಿ ಮೀರಿದರೆ ಮಾತ್ರ ಎಥೆನಾಲ್ ಪೆಟ್ರೋಲನ್ನು ಬಿಟ್ಟು, ನೀರಿನ ಜೊತೆ ಸೇರಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ, ಅಂದರೆ ಕಾರ್ಬೊರೇಟರ್ ಬದಲು ಪಂಪಿನ ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿಯಲ್ಲಿ, ಪಂಪ್ ಇರುವುದೂ ಅದೇ ತಳದಲ್ಲಿ. ಎಷ್ಟು ಸೆಲ್ಫ್ ಒತ್ತಿದರೂ ಸ್ಟಾರ್ಟ್ ಆಗದು. ಅನುಮಾನ ಬಂದರೆ ಟ್ಯಾಂಕಿನ ತಳದ ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕೂತಿದ್ದರೆ ಕಣ್ಣಿಗೇ ಕಾಣುತ್ತದೆ. ಆಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು. ಮೇಲಿಂದ ಹೊಸ ಪೆಟ್ರೋಲ್ ತುಂಬಿಸಿ ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಇನ್ನು ಆ "ಸಂಜೆ ನಿಂತಿತು, ಬೆಳಿಗ್ಗೆ ಸ್ಟಾರ್ಟ್ ಆಯಿತು" ಎಂಬ ದೂರು. ಇದರ ಹಿಂದೆ ಹೆಚ್ಚಾಗಿ ಇರುವುದು ಪ್ಲಗ್ಗಿನ ಕರೆಂಟು. ಬ್ಯಾಟರಿಯ ವೋಲ್ಟನ್ನು ಏರಿಸಿಕೊಡುವ ಕಾಯಿಲ್‌ನಿಂದ ಪ್ಲಗ್ಗಿಗೆ ಹೋಗುವ ವೈರಿನಲ್ಲಿ 10,000 ವೋಲ್ಟಿಗೂ ಹೆಚ್ಚು ಹರಿಯುತ್ತದೆ. ವೈರಿನಲ್ಲೋ ಕ್ಯಾಪಿನಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಒಣ ಹವೆಯಲ್ಲಿ ಏನೂ ಆಗದು. ಅಲ್ಲಿ ನೀರು ಕೂತ ಕೂಡಲೇ ಕರೆಂಟು ಪ್ಲಗ್ಗಿನ ತುದಿಗೆ ಹೋಗುವ ಬದಲು ಎಂಜಿನ್ನಿನ ಮೈಗೆ ಹಾರುತ್ತದೆ. ಎಂಜಿನ್ ಶಾಖಕ್ಕೆ ರಾತ್ರಿ ಅದು ಒಣಗಿದರೆ ಬೆಳಿಗ್ಗೆ ಗಾಡಿ ಸರಿ. ಗಿರಾಕಿ ಖುಷಿಯಾಗಿ ಹಾಗೇ ಓಡಿಸುತ್ತಾರೆ, ಮತ್ತೆ ಮಳೆಯಲ್ಲಿ ನಿಲ್ಲುತ್ತಾರೆ. ಇದನ್ನು ಹಿಡಿಯುವುದು ಸುಲಭ. ಕತ್ತಲಲ್ಲಿ ಎಂಜಿನ್ ಚಾಲೂ ಇಟ್ಟು ಪ್ಲಗ್ ಕ್ಯಾಪ್, ವೈರಿನ ಮೇಲೆ ದೂರದಿಂದಲೇ ನೀರು ಸಿಂಪಡಿಸಿ. ಲೀಕ್ ಇದ್ದರೆ ನೀಲಿ ಕಿಡಿ ಓಡಾಡುವುದು ಕಾಣುತ್ತದೆ. ಕೈ ಮಾತ್ರ ತಾಗಿಸಬೇಡಿ, ಜೋರಾಗಿಯೇ ಹೊಡೆಯುತ್ತದೆ. ಕ್ಯಾಪ್ ಬದಲಿಸುವುದಕ್ಕೆ ದೊಡ್ಡ ಖರ್ಚೇನಿಲ್ಲ. ಕ್ಯಾಪನ್ನು ತಿರುಗಿಸಿ ಬಿಚ್ಚುವ ಹಾಗಿದ್ದು, ವೈರು ಸಾಕಷ್ಟು ಉದ್ದವಿದ್ದರೆ ತುದಿಯ ಒಂದು ಸೆಂ.ಮೀ. ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ಕೂರಿಸಿ.

ಇಲ್ಲೂ ಒಂದು ತೂತಿದೆ. ಪ್ಲಗ್ ಆಳವಾದ ಗುಂಡಿಯಲ್ಲಿ ಕೂರುವ ಎಂಜಿನ್ನುಗಳಲ್ಲಿ ಆ ಗುಂಡಿಯಿಂದ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ಪಕ್ಕಕ್ಕೆ ಸಾಮಾನ್ಯವಾಗಿ ಒಂದು ದಾರಿ ಕೊರೆದಿರುತ್ತಾರೆ. ಮುಂದಿನ ಚಕ್ರ ಎಸೆದ ಕೆಸರು ಎಂಜಿನ್ನಿನ ಬಿಸಿಗೆ ಅದರ ಬಾಯಲ್ಲೇ ಬೆಂದು ಗಟ್ಟಿಯಾಗುತ್ತದೆ. ಆಮೇಲೆ ಗುಂಡಿಯಲ್ಲಿ ನಿಂತ ನೀರು ಪ್ಲಗ್ಗನ್ನು ತುಕ್ಕು ಹಿಡಿಸಿ, ಬಿಚ್ಚುವಾಗ ಅದು ಮುರಿಯುವ ತನಕ ತರುತ್ತದೆ. ಪ್ಲಗ್ಗಿಗೆ ಸುತ್ತಿದ ಪ್ಲಾಸ್ಟಿಕ್ ಕೊಟ್ಟೆ ಮಾಡುವುದೂ ಇಂಥದ್ದೇ ಕೆಲಸ. ಹೊರಗಿನ ನೀರನ್ನು ಅರ್ಧ ತಡೆಯುತ್ತದೆ, ಒಳಗಿನ ಆವಿಯನ್ನು ಪೂರ್ತಿ ಹಿಡಿದಿಡುತ್ತದೆ.

ಏರ್ ಫಿಲ್ಟರ್ ಡಬ್ಬಿಯ ತಳದಲ್ಲೂ ಒಂದು ಬೆರಳುದ್ದದ ಪೈಪಿದೆ, ತುದಿಗೆ ಮುಚ್ಚಳ ಇರುತ್ತದೆ. ಮಳೆಗಾಲದಲ್ಲಿ ಆಗಾಗ ಅದನ್ನು ತೆಗೆದು ನೀರು, ಆಯಿಲ್ ಖಾಲಿ ಮಾಡಿ. ಕಾಗದದ ಫಿಲ್ಟರ್ ನೆನೆದರೆ ಗಾಳಿ ಸಾಲದೆ ಗಾಡಿ ಎಳೆಯುವುದಿಲ್ಲ. ಆಗ ಕೆಲವರು ಫಿಲ್ಟರನ್ನೇ ಕಿತ್ತು ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಿನ ಜೊತೆ ಮರಳಿನ ಪುಡಿಯೂ ಒಳಗೆ ಹೋಗಿ ಸಿಲಿಂಡರನ್ನು ಉಜ್ಜುತ್ತದೆ.

ಸೈಲೆನ್ಸರಿನ ತೂತಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ನಂಬುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಸೈಲೆನ್ಸರ್ ಬಿಸಿಯಾಗಿದ್ದರೆ ಅದು ಆವಿಯಾಗಿ ಹೋಗುತ್ತದೆ. ತಣ್ಣಗಿದ್ದರೆ ಒಳಗೇ ನೀರಾಗಿ ಕೂರುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಎರಡು ಕಿ.ಮೀ. ಹೋಗಿ ಬರುವ ಗಾಡಿಗಳಲ್ಲಿ ಸೈಲೆನ್ಸರ್ ಎಂದೂ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಕೆಳಗಿನ ತೂತು ಆ ನೀರು ಇಳಿಯಲಿಕ್ಕೇ ಇರುವುದು. ಅದನ್ನು ವೆಲ್ಡ್ ಮಾಡಿಸಿದರೆ ಸೈಲೆನ್ಸರ್ ಒಳಗಿಂದಲೇ ಕೊಳೆಯುತ್ತದೆ. ಇದೇ ಗಾಡಿಗಳ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬಿಳಿ ನೊರೆ ಕಾಣುತ್ತದೆ. ಅದೂ ಹೀಗೆ ಹುಟ್ಟಿದ ನೀರೇ. ವಾರಕ್ಕೊಮ್ಮೆ ಇಪ್ಪತ್ತು ಕಿ.ಮೀ. ಆದರೂ ಓಡಿಸಿ, ಆಯಿಲ್ ಬಿಸಿಯಾಗಿ ನೀರು ಆವಿಯಾಗಿ ಹೋಗಲಿ. ಆಗದಿದ್ದರೆ ಆಯಿಲನ್ನು ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸಿ.

2020ರ ಏಪ್ರಿಲ್‌ನಿಂದ ಹೊಗೆಯ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಸಣ್ಣ ಗಾಡಿಗಳಿಗೂ ಇಂಜೆಕ್ಷನ್ ಬಂತು. ಕಾರ್ಬೊರೇಟರಿನಲ್ಲಿ ನೀರು ಸೇರಿ ನಿಲ್ಲುವ ಕಾಟ ತಪ್ಪಿತು, ಆದರೆ ವೈರುಗಳನ್ನು ಜೋಡಿಸುವ ಕಪ್ಲರುಗಳು ಹೆಚ್ಚಾದವು. ಇಲ್ಲಿ ನಾನು ಮೊದಲು ನೋಡುವುದು ಸೈಡ್ ಸ್ಟ್ಯಾಂಡಿನ ಸ್ವಿಚ್. ಚಕ್ರದ ಕೆಸರು ಬಂದು ಬೀಳುವ ಜಾಗದಲ್ಲೇ ಅದಿದೆ. ಕೆಸರು ಕೂತರೆ ಸ್ಟ್ಯಾಂಡ್ ಮೇಲಿದ್ದರೂ ಕೆಳಗಿದೆ ಅಂತ ಗಾಡಿ ತಿಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡುವ ಎಂಜಿನ್ ಗೇರ್ ಹಾಕಿದ ಕೂಡಲೇ ಆಫ್ ಆದರೆ ಪ್ಲಗ್ಗು, ಪಂಪು ಬಿಚ್ಚಬೇಡಿ. ಮೊದಲು ಸ್ಟ್ಯಾಂಡಿನ ಬುಡ ತೊಳೆದು, ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ ನೋಡಿ.

ವೈರಿಂಗಿಗೆ ಟೇಪ್ ಸುತ್ತುವುದನ್ನು ನಾನು ಬೇಡ ಅನ್ನುತ್ತೇನೆ. ಟೇಪಿನ ಸಂದಿಯಲ್ಲಿ ಹೊಕ್ಕ ನೀರು ತಿಂಗಳಾದರೂ ಒಣಗುವುದಿಲ್ಲ. ಹೆಚ್ಚಿನ ಲೈಟು, ಮೊಬೈಲ್ ಚಾರ್ಜರ್ ಹಾಕಿಸುವಾಗ ವೈರು ಸುಲಿದು ಸುತ್ತಿದ ಕಡೆ ಟೇಪ್ ಬಿಚ್ಚಿದರೆ ತಾಮ್ರ ಹಸಿರಾಗಿ ಪುಡಿಯಾಗಿರುತ್ತದೆ. ಮಳೆಯಲ್ಲಿ ಫ್ಯೂಸ್ ಹೋಗುವ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದು ಇಂಥ ಜೋಡಣೆಯನ್ನು. ಸರಿಯಾದ ಕಪ್ಲರ್ ಹಾಕಿ, ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಸದ ಗ್ರೀಸ್) ತೆಳ್ಳಗೆ ಹಚ್ಚಿ. ವೈರು ಕಪ್ಲರಿಗೆ ಸೇರುವ ಮೊದಲು ಸ್ವಲ್ಪ ಕೆಳಗೆ ಬಾಗಿ ಮೇಲೇರುವಂತೆ ಕಟ್ಟಿ. ವೈರಿನ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಕಪ್ಲರಿನ ತನಕ ಏರುವುದಿಲ್ಲ. ಮನೆಗೆ ಕರೆಂಟು ಎಳೆಯುವವರು ಗೋಡೆಯ ಹತ್ತಿರ ವೈರನ್ನು ಜೋಲು ಬಿಡುವುದೂ ಇದಕ್ಕೇ.

ಬ್ಯಾಟರಿಯನ್ನು ಮಳೆಗೆ ಮುಂಚೆ ಒಮ್ಮೆ ಅಳೆಸಿ. ಸಾಮಾನ್ಯ ಲೆಡ್ ಬ್ಯಾಟರಿಯಾದರೆ ರಾತ್ರಿ ಇಟ್ಟು ಬೆಳಿಗ್ಗೆ 12.5 ವೋಲ್ಟಿನ ಆಸುಪಾಸು ಇರಬೇಕು, ಎಂಜಿನ್ ಓಡುವಾಗ 14ರ ಹತ್ತಿರ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತದೆ. ಗಿಡ್ಡ ಓಡಾಟದಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಪೂರ್ತಿ ಸತ್ತ ಬ್ಯಾಟರಿ ಇರುವ ಇಂಜೆಕ್ಷನ್ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿದರೂ ಪಂಪ್ ಓಡದೆ ಎಂಜಿನ್ ಹಿಡಿಯುವುದು ಕಷ್ಟ.

ಅಡಿಕೆ ತೋಟದವರಿಗೆ ಒಂದು ಮಾತು. ಕೊಳೆರೋಗದ ಔಷಧಿ ಹೊಡೆಯುವ ಕಾಲ ಇದೇ. ಮೈಲುತುತ್ತದ ಚೀಲವನ್ನು ಟ್ಯಾಂಕಿನ ಮೇಲೆ, ಕಾಲ ಹತ್ತಿರ ಇಟ್ಟುಕೊಂಡು ಬರುತ್ತೀರಿ, ಅಲ್ವಾ? ಮಳೆಗೆ ಅದು ಕರಗಿ ಇಳಿದರೆ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಬಾರದು ಅನ್ನುವುದು ಇದೇ ಕಾರಣಕ್ಕೆ. ಚೀಲವನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತನ್ನಿ. ಚೆಲ್ಲಿದರೆ ಆವತ್ತೇ ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಪ್ರೆಷರ್ ವಾಷರಿನ ಮೂತಿಯನ್ನು ಮಾತ್ರ ಚಕ್ರದ ಬೇರಿಂಗ್, ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಚೈನ್, ಸ್ವಿಚ್ಚುಗಳಿಗೆ ಹತ್ತಿರದಿಂದ ಹಿಡಿಯಬೇಡಿ. ಮಳೆ ಹೊಗದ ಸಂದಿಗೂ ಅದು ನೀರು ನುಗ್ಗಿಸುತ್ತದೆ, ಗ್ರೀಸನ್ನು ಹೊರಹಾಕುತ್ತದೆ.

ಚೈನಿಗೆ ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ ಆಯಿಲ್ ಸಾಕಾದರೆ ಮಳೆಯಲ್ಲಿ ಅದರ ಅರ್ಧಕ್ಕೇ ಬೇಕು. ಗಾಡಿ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ 90 ನಂಬರ್ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಓ ರಿಂಗ್ ಚೈನನ್ನು (ಕೊಂಡಿಗಳಲ್ಲಿ ರಬ್ಬರ್ ಬಳೆ ಇರುವ ಚೈನ್) ಪೆಟ್ರೋಲಿನಲ್ಲಿ ತೊಳೆಯಬೇಡಿ, ರಬ್ಬರ್ ಹಾಳಾಗುತ್ತದೆ. ಡ್ರಮ್ ಬ್ರೇಕಿಗೆ ನೀರು ಹೊಕ್ಕರೆ ಸ್ವಲ್ಪ ದೂರ ಹಿಡಿತವೇ ಇರುವುದಿಲ್ಲ. ತೋಡು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಲಘುವಾಗಿ ಬ್ರೇಕ್ ಒತ್ತಿ ಒಣಗಿಸಿ. ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಕೊನೆಗೆ, ಮುಳುಗಿದ ಗಾಡಿ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ, ತಳ ಕಾಣದಿದ್ದರೆ ದಾಟಲೇಬೇಡಿ. ನಿಂತ ನೀರು ಚಕ್ರದ ಅರ್ಧಕ್ಕಿಂತ ಕೆಳಗಿದ್ದರೆ ಒಂದನೇ ಗೇರಿನಲ್ಲಿ, ಎಕ್ಸಿಲೇಟರ್ ಬಿಡದೆ ಹೋಗಬಹುದು. ಸೈಲೆನ್ಸರಿನ ಗಾಳಿ ನೀರನ್ನು ಹೊರಗೇ ಇಡುತ್ತದೆ. ನಡುವೆ ಎಂಜಿನ್ ಆಫ್ ಆದರೆ ಸೆಲ್ಫ್ ಒತ್ತಬೇಡಿ, ಕಿಕ್ಕೂ ಬೇಡ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನಲ್ಲಿ ನೀರಿರುವಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಗ ಎಂಜಿನ್ನನ್ನೇ ಬಿಚ್ಚಬೇಕು. ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ತನ್ನಿ. ಬ್ಯಾಟರಿ ಕಳಚಿ, ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ನೀರು ಪ್ಲಗ್ಗಿನ ತೂತಿನಿಂದಲೇ ಹೊರಗೆ ಬರುತ್ತದೆ. ಏರ್ ಫಿಲ್ಟರ್ ಹೊಸದು ಹಾಕಿ ಡಬ್ಬಿ ಒರೆಸಬೇಕು. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ, ಕಡಿಮೆ ಬೆಲೆಯ ಆಯಿಲ್ ಹಾಕಿ ಕೆಲವು ನಿಮಿಷ ಓಡಿಸಿ, ಅದನ್ನೂ ಇಳಿಸಿ. ಆಮೇಲೆ ಒಳ್ಳೆಯ ಆಯಿಲ್ ಹಾಕಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಮತ್ತೊಮ್ಮೆ ಬಣ್ಣ ನೋಡಿ. ಇನ್ನೂ ಬೆಳ್ಳಗಿದ್ದರೆ ಇನ್ನೊಮ್ಮೆ ಬದಲಿಸಬೇಕು.