ಅಡಿಕೆಯ ದರ ಬೇರೆ, ಬಾಯಿಯ ಆರೋಗ್ಯ ಬೇರೆ

ಅಡಿಕೆ ಕ್ಯಾನ್ಸರ್‌ಕಾರಕ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಕೆಲವು ದಿನ ನನ್ನ ಕ್ಲಿನಿಕ್ಕಿನಲ್ಲಿ ಹಲ್ಲುನೋವಿನ ಮಾತು ಹಿಂದೆ ಸರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವ ಬೆಳೆಗಾರರು ಕುರ್ಚಿಯಲ್ಲಿ ಕುಳಿತು ಬಾಯಿ ತೆರೆಯುವ ಮೊದಲೇ ಕೇಳುತ್ತಾರೆ: ‘ಡಾಕ್ಟರೇ, ಇದೆಲ್ಲ ದರ ಇಳಿಸುವ ಹುನ್ನಾರ ಅಲ್ಲವೇ?’ ಅವರ ಆತಂಕ ನನಗೆ ಚೆನ್ನಾಗಿ ಗೊತ್ತು. ನಾನು ಓದಿದ್ದೇ ಅಡಿಕೆಯ ದುಡ್ಡಿನಲ್ಲಿ. ಮಂಡಿಯಲ್ಲಿ ದರ ಕುಸಿದರೆ ಇಲ್ಲಿ ಮದುವೆಗಳು ಮುಂದಕ್ಕೆ ಹೋಗುತ್ತವೆ, ಸೊಸೈಟಿ ಸಾಲದ ಕಂತು ನಿಲ್ಲುತ್ತದೆ, ಅಡಿಕೆ ಕೊಯ್ಯುವ ಕೊನೆಗಾರರ ಮನೆಯಲ್ಲೂ ಒಲೆ ತಣ್ಣಗಾಗುತ್ತದೆ. ಆದರೆ ದರದ ಪ್ರಶ್ನೆಯನ್ನೂ ಬಾಯಿಯ ಪ್ರಶ್ನೆಯನ್ನೂ ನಾವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ. ಅಡಿಕೆಯ ಮಾನ ಉಳಿಸಬೇಕೆಂಬ ಹಟದಲ್ಲಿ ಅದು ಬಾಯಿಗೆ ಏನು ಮಾಡುತ್ತದೆ ಎಂದು ಮಕ್ಕಳಿಗೆ ಹೇಳುವುದನ್ನೇ ಬಿಟ್ಟಿದ್ದೇವೆ. ಅದರ ಪರಿಣಾಮವನ್ನು ನಾನು ಇಪ್ಪತ್ತು, ಇಪ್ಪತ್ತೆರಡು ವರ್ಷದ ಹುಡುಗರಲ್ಲಿ ನೋಡುತ್ತಿದ್ದೇನೆ. ಹಾಗಾಗಿ ಸಂಶೋಧನೆ ನಿಜಕ್ಕೂ ಏನು ಹೇಳಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. 1985ರಲ್ಲಿ ಅದು ಹೊಗೆಸೊಪ್ಪು ಸೇರಿದ ಎಲೆ-ಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಹೊಗೆಸೊಪ್ಪು ಇಲ್ಲದ ಕವಳದ, ಅಂದರೆ ಬರೀ ಎಲೆ-ಅಡಿಕೆಯ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ, ಅದನ್ನೂ ಆ ಸಂಸ್ಥೆ ಹಾಗೆಯೇ ದಾಖಲಿಸಿತು. ಮುಂದಿನ ವರ್ಷಗಳಲ್ಲಿ ಪುರಾವೆ ಬಂದದ್ದು ಮುಖ್ಯವಾಗಿ ತೈವಾನಿನಿಂದ. ಅಲ್ಲಿಯ ಜನ ಅಡಿಕೆಯನ್ನು ಸುಣ್ಣದೊಂದಿಗೆ ಜಗಿಯುತ್ತಾರೆ, ಅದಕ್ಕೆ ಹೊಗೆಸೊಪ್ಪು ಸೇರಿಸುವುದಿಲ್ಲ. ಆದರೂ ಅವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು. ಬೀಡಿ, ಸಿಗರೇಟು ಮುಟ್ಟದೆ ಅಡಿಕೆ ಮಾತ್ರ ಜಗಿಯುವವರನ್ನು ಬೇರ್ಪಡಿಸಿ ಲೆಕ್ಕ ಹಾಕಿದಾಗಲೂ ಅಪಾಯ ಕಂಡುಬಂದಿತು. ಇವನ್ನೆಲ್ಲ ಪರಿಶೀಲಿಸಿದ ತಜ್ಞರು 2003ರಲ್ಲಿ ಸಭೆ ಸೇರಿ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಪಟ್ಟಿಗೆ ಸೇರಿಸಿದರು, 2004ರಲ್ಲಿ ವರದಿ ಪ್ರಕಟವಾಯಿತು. ‘ಪರೀಕ್ಷೆ ಮಾಡಿದ್ದು ಗುಟ್ಕಾ, ಹೆಸರು ಕೆಟ್ಟದ್ದು ಅಡಿಕೆಯದು’ ಎಂಬ ವಾದ ನಮ್ಮ ಸಭೆಗಳಲ್ಲಿ ಇನ್ನೂ ಕೇಳಿಬರುತ್ತದೆ. 1985ರ ಮಟ್ಟಿಗೆ ಅದರಲ್ಲಿ ಹುರುಳಿತ್ತು. ಈಗ ಆ ವಾದ ನಿಲ್ಲುವುದಿಲ್ಲ.

ಹಾಗೆಂದು ಮೊದಲ ಗುಂಪು ಎಂದ ಕೂಡಲೇ ಹೌಹಾರಬೇಕಾಗಿಯೂ ಇಲ್ಲ. ಆ ಪಟ್ಟಿ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ವಿಷ ಎಷ್ಟು ಖಾರ ಎಂಬುದನ್ನಲ್ಲ. ಬಿಸಿಲು, ಮದ್ಯ, ತಂಬಾಕು, ಸಂಸ್ಕರಿಸಿದ ಮಾಂಸ ಎಲ್ಲವೂ ಅದೇ ಗುಂಪಿನಲ್ಲಿವೆ. ಯಾರಿಗೆ ಎಷ್ಟು ಅಪಾಯ ಎಂಬುದು ಎಷ್ಟು ಜಗಿಯುತ್ತಾರೆ, ಎಷ್ಟು ವರ್ಷದಿಂದ, ಯಾವ ರೂಪದಲ್ಲಿ, ಯಾವ ವಯಸ್ಸಿನಲ್ಲಿ ಶುರು ಮಾಡಿದರು, ಜೊತೆಗೆ ಏನಿತ್ತು ಎಂಬುದರ ಮೇಲೆ ನಿಂತಿದೆ. ಮದುವೆ ಮನೆಯಲ್ಲಿ ಊಟದ ನಂತರ ಒಂದು ಕವಳ ಹಾಕಿದವರನ್ನು ನಾನು ಹೆದರಿಸುವುದಿಲ್ಲ.

ಇಲ್ಲಿಗೆ ಬಂದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ನಮ್ಮ ಅಪ್ಪಯ್ಯ ಎಂಬತ್ತೈದರವರೆಗೆ ಕವಳ ಹಾಕಿದರು. ಅವರಿಗೇನೂ ಆಗಲಿಲ್ಲವಲ್ಲ?’

ಆಗದೇ ಇರಬಹುದು. ಅಪ್ಪಯ್ಯನಂತೆಯೇ ಕವಳ ಹಾಕಿ ಐವತ್ತಕ್ಕೇ ಹೋದವರು ನಮ್ಮೆದುರು ಕುಳಿತು ವಾದಿಸಲು ಉಳಿದಿಲ್ಲ, ಅದೊಂದು. ಇನ್ನೊಂದು, ಅಪ್ಪಯ್ಯ ಹಾಕುತ್ತಿದ್ದ ಕವಳಕ್ಕೂ ಮೊಮ್ಮಗ ಹರಿದು ಬಾಯಿಗೆ ಸುರಿದುಕೊಳ್ಳುವ ಪೊಟ್ಟಣಕ್ಕೂ ಬಹಳ ವ್ಯತ್ಯಾಸವಿದೆ. ಕವಳದಲ್ಲಿ ತೂಕದ ದೊಡ್ಡ ಪಾಲು ಹಸಿ ವೀಳ್ಯದೆಲೆಯದು. ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿಕೊಳ್ಳಲು ಸಮಯ ಬೇಕು. ಪೊಟ್ಟಣದಲ್ಲಿ ಎಲೆಯೇ ಇಲ್ಲ. ಒಣಗಿದ ಅಡಿಕೆಚೂರು, ಕಾಚು, ಸುಣ್ಣ, ಸುಗಂಧ, ಅಷ್ಟೇ. ಎಲ್ಲ ಒಣ ಪದಾರ್ಥ, ಎರಡು ಸೆಕೆಂಡಿನಲ್ಲಿ ಬಾಯೊಳಗೆ. ಪಾನ್ ಮಸಾಲ ಜಗಿಯುವವರನ್ನೂ ಎಲೆ-ಅಡಿಕೆ ಜಗಿಯುವವರನ್ನೂ ಹೋಲಿಸಿದ ಹೈದರಾಬಾದಿನ ಒಂದು ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಎಲೆ-ಅಡಿಕೆಯವರಲ್ಲಿ ಬಾಯಿ ಬಿಗಿಯುವ ರೋಗ ಕಾಣಿಸಿಕೊಳ್ಳಲು ಸರಾಸರಿ 8.6 ವರ್ಷ ಹಿಡಿದಿತ್ತು. ಪಾನ್ ಮಸಾಲದವರಲ್ಲಿ 2.7 ವರ್ಷ ಸಾಕಾಗಿತ್ತು. ಹೈಸ್ಕೂಲಿನ ಕೊನೆಯಲ್ಲಿ ಶುರು ಮಾಡಿದ ಹುಡುಗ ಡಿಗ್ರಿ ಸೇರುವ ಹೊತ್ತಿಗೆ ರೋಗಿಯಾಗುವುದಕ್ಕೆ ಅಷ್ಟು ಕಾಲ ಸಾಕು.

ಈ ರೋಗಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಬಾಯಿಯ ಒಳಪದರದ ಅಡಿಯಲ್ಲಿ ನಾರು ಕಟ್ಟುವ ರೋಗ ಇದು. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿ ವರ್ಣಿಸಿದರು. ಮರುವರ್ಷ ಮುಂಬೈನ ಜೋಶಿ ಎಂಬ ವೈದ್ಯರು ಈಗಿನ ಹೆಸರಿಗೆ ಹತ್ತಿರದ ಹೆಸರಿಟ್ಟರು.

ಶುರುವಾಗುವುದು ಉರಿಯಿಂದ. ‘ಮಿಡಿ ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ ಕೆಂಡ ಇಟ್ಟಂತಾಗುತ್ತದೆ ಸಾರ್’ ಎಂದು ಹುಡುಗ ಹೇಳುತ್ತಾನೆ. ಅಲ್ಲಿಯವರೆಗೆ ಅದೇ ಉಪ್ಪಿನಕಾಯಿಯಲ್ಲಿ ತಟ್ಟೆ ಅನ್ನ ಉಂಡವನು ಅವನು. ಮನೆಯವರು ಉಷ್ಣ ಎಂದು ಎಳನೀರು, ಮಜ್ಜಿಗೆ ಕೊಡುತ್ತಾರೆ. ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ಬರುತ್ತದೆ. ಖಾರ ಬಿಟ್ಟು, ಪಲ್ಯ ಬಿಟ್ಟು, ಕೊನೆಗೆ ಮೊಸರನ್ನಕ್ಕೆ ಬಂದು ನಿಲ್ಲುತ್ತಾನೆ. ರಕ್ತಹೀನತೆಯೂ ಸೇರಿಕೊಂಡರೆ ಉರಿ ಇನ್ನೂ ಹೆಚ್ಚುತ್ತದೆ. ಈ ಹಂತದಲ್ಲಿ ಕೆನ್ನೆಯ ಒಳಭಾಗವನ್ನು ಕನ್ನಡಿಯಲ್ಲಿ ಸರಿಸಿ ನೋಡಿದರೆ ಗುಲಾಬಿ ಬಣ್ಣ ಇರಬೇಕಾದಲ್ಲಿ ಅಮೃತಶಿಲೆಯ ಬಿಳುಪು ಕಾಣುತ್ತದೆ. ಬೆರಳಿಟ್ಟು ಒತ್ತಿದರೆ ಮೇಲಿನಿಂದ ಕೆಳಕ್ಕೆ ಇಳಿದಿರುವ ನಾರಿನ ಪಟ್ಟಿಗಳು ಕೈಗೆ ಸಿಗುತ್ತವೆ. ತೋಟದಲ್ಲಿ ಬಿದ್ದ ಹಸಿ ಅಡಿಕೆ ಹಾಳೆ ಬೇಕಾದಂತೆ ಬಗ್ಗುತ್ತದೆ, ಒಣಗಿದ ಮೇಲೆ ಬಗ್ಗಿಸಹೋದರೆ ಸೀಳುತ್ತದೆ. ಆ ಕೆನ್ನೆ ಹಾಗೆಯೇ ಆಗಿರುತ್ತದೆ. ಬಳಿಕ ಸಿಳ್ಳೆ ಹಾಕಲಾಗುವುದಿಲ್ಲ, ಕೆನ್ನೆ ಉಬ್ಬಿಸಲಾಗುವುದಿಲ್ಲ, ನಾಲಿಗೆ ತುಟಿ ದಾಟುವುದಿಲ್ಲ. ಕಿರುನಾಲಿಗೆ ಮುದುಡಿ ಮೊಗ್ಗಿನಷ್ಟಾಗುತ್ತದೆ. ಅನ್ನದ ತುತ್ತನ್ನು ಚಪ್ಪಟೆ ಮಾಡಿ ಹಲ್ಲಿನ ಸಂದಿಯಿಂದ ತೂರಿಸಬೇಕಾದವರನ್ನೂ ನೋಡಿದ್ದೇನೆ. ಅಂಥವರಿಗೆ ಹಲ್ಲು ಹುಳುಕಾದರೆ ಕೀಳಲೂ ನಮ್ಮ ಉಪಕರಣ ಒಳಗೆ ಹೋಗುವುದಿಲ್ಲ.

ಇದು ಆಗುವ ಬಗೆಯನ್ನು ವಿಜ್ಞಾನಿಗಳು ಸಾಕಷ್ಟು ಬಿಡಿಸಿದ್ದಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಒಳಪದರದ ಕೋಶಗಳನ್ನು ಕೆರಳಿಸಿ ಕೊಲಾಜನ್ ಎಂಬ ನಾರನ್ನು ಹೆಚ್ಚು ಹೆಚ್ಚು ನೇಯಿಸುತ್ತದೆ. ಹಳೆಯ ನಾರನ್ನು ಕರಗಿಸುವುದು ದೇಹದ ಸಹಜ ಕೆಲಸ. ಅಡಿಕೆಯ ಟ್ಯಾನಿನ್, ಅಂದರೆ ಅಡಿಕೆ ಬೇಯಿಸಿದ ಚೊಗರಿಗೆ ಬಣ್ಣ ಮತ್ತು ಒಗರು ಕೊಡುವ ಅಂಶ, ಆ ನಾರು ಕರಗದಂತೆ ಗಟ್ಟಿ ಮಾಡುತ್ತದೆ. ಮೂರನೆಯದು ತಾಮ್ರ. ನಾರಿನ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ತಾಮ್ರ ಬೇಕು, ಅಡಿಕೆಯಲ್ಲಿ ಅದು ಧಾರಾಳವಾಗಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಆ ತಾಮ್ರ ಬರುತ್ತದೆಯೇ ಎಂದು ಬೆಳೆಗಾರರೊಬ್ಬರು ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ, ಸಂಶೋಧಕರೂ ಆ ದಿಕ್ಕಿನಲ್ಲಿ ಹುಡುಕಿದ್ದಾರೆ. ಆದರೆ ತಾಮ್ರವನ್ನು ಪೂರ್ತಿ ತೆಗೆದರೂ ಅರೆಕೋಲಿನ್ ಮತ್ತು ಟ್ಯಾನಿನ್ ಅಲ್ಲೇ ಇರುತ್ತವೆ. ನಮ್ಮ ಕೆಂಪಡಿಕೆ ಬೇಯಿಸುವಾಗ ಅರೆಕೋಲಿನ್‌ನ ಒಂದು ಪಾಲು ನೀರಿಗೆ ಇಳಿಯುವುದೂ ನಿಜ. ಉಳಿದದ್ದು ಬಾಯಿಗೆ ತೊಂದರೆ ಕೊಡಲು ಸಾಕು.

ಬಿಡುವುದು ಏಕೆ ಇಷ್ಟು ಕಷ್ಟ ಎಂಬುದಕ್ಕೂ ಉತ್ತರವಿದೆ. ಅರೆಕೋಲಿನ್ ಮೆದುಳಿನಲ್ಲಿ ನಿಕೋಟಿನ್ ಹಿಡಿಯುವ ಗ್ರಾಹಕಗಳನ್ನೇ ಹಿಡಿಯುತ್ತದೆ ಎಂದು ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ‘ಬರೀ ಅಡಿಕೆ, ಚಟ ಏನಲ್ಲ’ ಎನ್ನುವವರು ಒಂದು ದಿನ ಬಿಟ್ಟು ನೋಡಲಿ. ತಲೆಭಾರ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಕಾಣಿಸಿಕೊಂಡರೆ ಅದು ಚಟವೇ. ಹಾಗೆ ಒದ್ದಾಡುವವರನ್ನು ಬೈಯುವುದರಿಂದ ಏನೂ ಆಗುವುದಿಲ್ಲ. ಮನೆಯವರು ಜೊತೆಗೆ ನಿಲ್ಲಬೇಕು.

ಈಗ ಕ್ಯಾನ್ಸರಿನ ಮಾತು. ಬಾಯಿ ಬಿಗಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದಾಗ 7.6 ಶೇಕಡಾ ಮಂದಿಗೆ ಬಂದಿತ್ತು. ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಜಗಿಯುವವರ ಸಂಖ್ಯೆ ಕೋಟಿಗಳಲ್ಲಿರುವ ದೇಶದಲ್ಲಿ ಅದು ಎಲ್ಲಿಗೆ ಮುಟ್ಟುತ್ತದೆ ನೋಡಿ: 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣವೆಂದು ಲಿಯೋನ್‌ನ ಅದೇ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ 83,400 ಭಾರತದ್ದು.

ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯಲ್ಲಿ ಆಗಿದ್ದಿಷ್ಟೇ: ಒಂದಾಗಿದ್ದ ಪೊಟ್ಟಣ ಎರಡಾಯಿತು. ಪಾನ್ ಮಸಾಲ ಒಂದು, ತಂಬಾಕು ಇನ್ನೊಂದು, ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತಂಬಾಕಿಲ್ಲದ ಪೊಟ್ಟಣವನ್ನು ಅಪ್ಪ, ಅಮ್ಮ ಸಹಿಸಿಕೊಳ್ಳುವ ರೀತಿ. ‘ಸದ್ಯ, ಗುಟ್ಕಾ ಅಲ್ಲವಲ್ಲ’ ಎಂದು ಸಮಾಧಾನಪಡುತ್ತಾರೆ. ಬಾಯಿ ಬಿಗಿಯುವ ರೋಗಕ್ಕೆ ತಂಬಾಕು ಬೇಕಾಗಿಯೇ ಇಲ್ಲ, ಅಡಿಕೆ ಒಂದೇ ಸಾಕು. ಅಡಿಕೆ ಸುಲಿಯುವ ಕಾಲದಲ್ಲಿ, ರಾತ್ರಿ ದೀಪದ ಕೆಳಗೆ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು ನಿದ್ದೆ ಬಾರದಿರಲೆಂದು ಗಂಟೆಗೊಮ್ಮೆ ಬಾಯಿಗೆ ಹಾಕಿಕೊಳ್ಳುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅವರು ಬಾಯಿ ಉರಿಯ ಬಗ್ಗೆ ಯಾರಿಗೂ ಹೇಳುವುದಿಲ್ಲ. ಕೇಳುವವರೂ ಇಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿದರೆ ಸರಿ. ಎರಡೇ ಹಿಡಿದರೆ ಬಾಯಿ ರೋಗ ನೋಡುವ ದಂತವೈದ್ಯರ ಬಳಿ ತಡಮಾಡದೆ ಹೋಗಿ. ಮೂರು ಹಿಡಿದೂ ಖಾರಕ್ಕೆ ಉರಿಯಾಗುತ್ತಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ ಆಗಲೂ ಹೋಗಿ.

ಚಿಕಿತ್ಸೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಒಮ್ಮೆ ಕಟ್ಟಿದ ನಾರನ್ನು ಪೂರ್ತಿ ಕರಗಿಸುವ ಔಷಧ ಇಲ್ಲ. ಅಡಿಕೆ ಬಿಟ್ಟರೆ ರೋಗ ಮುಂದುವರಿಯುವುದಕ್ಕೆ ತಡೆ ಬೀಳುತ್ತದೆ, ಬಿಡದಿದ್ದರೆ ನಾವು ಕೊಡುವ ಯಾವುದೂ ಹಿಡಿಯುವುದಿಲ್ಲ. ಕೆನ್ನೆಯೊಳಗೆ ಸ್ಟೀರಾಯ್ಡ್ ಮತ್ತು ಹಯಲ್ಯುರೊನಿಡೇಸ್ ಚುಚ್ಚುಮದ್ದು, ಲೈಕೋಪೀನ್ ಮಾತ್ರೆ, ಕಬ್ಬಿಣಾಂಶ ಇವೆಲ್ಲ ಉರಿ ಇಳಿಸಿ ಬಾಯಿ ಸ್ವಲ್ಪ ತೆರೆಯುವಂತೆ ಮಾಡುತ್ತವೆ. ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ. ಎಲ್ಲದರ ಜೊತೆ ವ್ಯಾಯಾಮ ಬೇಕೇ ಬೇಕು: ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಹಿಡಿದುಕೊಳ್ಳುವುದು, ದಿನಗಳೆದಂತೆ ಕಡ್ಡಿ ಹೆಚ್ಚಿಸುವುದು. ಬೇಸರದ ಕೆಲಸ, ನೋವೂ ಆಗುತ್ತದೆ. ಆದರೆ ತಿಂಗಳುಗಟ್ಟಲೆ ಹಟ ಹಿಡಿದು ಮಾಡಿದವರು ಮತ್ತೆ ನೆಮ್ಮದಿಯಾಗಿ ಊಟ ಮಾಡುವುದನ್ನು ನೋಡಿದ್ದೇನೆ.

ಬೇಗ ಕಂಡುಹಿಡಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯದಲ್ಲೇ ಗಟ್ಟಿ ಪುರಾವೆಯಿದೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬೆಳಕು ಹಿಡಿದು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಶೇಕಡಾ ತಗ್ಗಿತ್ತು. ದುಬಾರಿ ಯಂತ್ರ ಯಾವುದೂ ಬೇಕಾಗಿರಲಿಲ್ಲ. ನಮ್ಮಲ್ಲೂ ರಾಷ್ಟ್ರೀಯ ಕಾರ್ಯಕ್ರಮದಡಿ ಬಾಯಿ ತಪಾಸಣೆ ಇದೆ, ಆದರೆ ಅದು ಮೂವತ್ತು ದಾಟಿದವರಿಗೆ. ಪೊಟ್ಟಣ ಹಿಡಿದ ಹುಡುಗನಿಗೆ ಮೂವತ್ತಾಗುವ ಹೊತ್ತಿಗೆ ಅವನ ಬಾಯಿಯಲ್ಲಿ ನಾರು ಕಟ್ಟಿ ಹತ್ತು ವರ್ಷ ಕಳೆದಿರುತ್ತದೆ. ಅಡಿಕೆ ಬೆಳೆಯುವ ನಮ್ಮ ತಾಲ್ಲೂಕುಗಳಲ್ಲಾದರೂ ಪಿಯು ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಈ ತಪಾಸಣೆ ನಡೆಯಬೇಕು. ಸುಲಿತದ ಕಾಲದಲ್ಲಿ ಸುಲಿಯುವ ಮನೆಗಳಿಗೂ ಅದು ಬರಬೇಕು. ಆಶಾ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ ಕೊಡಲು ದಂತವೈದ್ಯರು ಮುಂದೆ ಬರಬೇಕು, ನಾನೂ ಬರುತ್ತೇನೆ. ಅಡಿಕೆ ಸಹಕಾರ ಸಂಘಗಳು ಇದರ ಖರ್ಚು ವಹಿಸಿಕೊಳ್ಳಲಿ ಎಂಬುದು ನನ್ನ ಕೋರಿಕೆ. ಟಾರ್ಚು, ಕೈಗವಸು, ಮರದ ಕಡ್ಡಿ, ಹೆಸರು ಬರೆದುಕೊಳ್ಳುವ ಪುಸ್ತಕ, ಖರ್ಚು ಇಷ್ಟರದ್ದೇ.