ಸಂಜೆಯ ಮನೆಪಾಠ ಮತ್ತು ಓದಲು ತಡವರಿಸುವ ಮಗು

ಕೊಡಗಿನ ಒಂದು ಮೂರನೆಯ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ ಎಂದು ಎಣಿಸಲು ಹೊರಟರೆ ಒಂದು ಕೈಯ ಬೆರಳುಗಳು ಸಾಲದೆ ಹೋಗಬಹುದು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವರ ಮಾತು, ಕುರುಬರ ಮಾತು. ಪುಸ್ತಕದ ಕನ್ನಡ ಅನೇಕ ಮಕ್ಕಳಿಗೆ ಶಾಲೆಯಲ್ಲಿಯೇ ಮೊದಲು ಎದುರಾಗುತ್ತದೆ. ಅವರ ನಡುವೆ ಒಬ್ಬ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾನೆ, ‘ಬ’ ಮತ್ತು ‘ಭ’ದ ನಡುವೆ ತೊಡರುತ್ತಾನೆ. ಅವನಿಗೆ ಭಾಷೆ ಹೊಸದೋ, ಅಕ್ಷರವನ್ನು ದನಿಗೆ ಜೋಡಿಸುವುದೇ ಕಷ್ಟವೋ? ಇದನ್ನು ಮೊದಲು ಗಮನಿಸಬೇಕಾದವರು ತರಗತಿಯ ಶಿಕ್ಷಕರು. ಅದೇ ಶಿಕ್ಷಕರು ಹೆತ್ತವರನ್ನು ಕರೆದು, ‘ಸಂಜೆ ನಮ್ಮ ಮನೆಗೆ ಕಳುಹಿಸಿ’ ಎಂದು ತಿಂಗಳ ಶುಲ್ಕ ಹೇಳಿದರೆ ಅದು ಸರಿಯೇ?

ಈ ಪ್ರಶ್ನೆಯ ಹಿಂದೆ ಎರಡು ಚರಿತ್ರೆಗಳಿವೆ. ಅವು ಬಹುಕಾಲ ಒಂದನ್ನೊಂದು ಸಂಧಿಸಲೇ ಇಲ್ಲ.

ಮೊದಲನೆಯದು ಮನೆಪಾಠದ್ದು. ದೇಶದ ಶಿಕ್ಷಣವನ್ನು ಪರಿಶೀಲಿಸಿ 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವು ಶಿಕ್ಷಕರ ಖಾಸಗಿ ಪಾಠಕ್ಕೆ ಕಡಿವಾಣ ಬೇಕೆಂದಿತು. ಹೆಚ್ಚಿನ ಪಾಠ ಬೇಕಾದ ಮಕ್ಕಳಿಗೆ ಸಂಸ್ಥೆಯೇ ಅದನ್ನು ಕೊಡಬೇಕೆಂದೂ ಹೇಳಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಈ ಎರಡೂ ಮಾತುಗಳಿವೆ. ಯಾವ ಶಿಕ್ಷಕರೂ ಖಾಸಗಿ ಪಾಠ ಮಾಡಕೂಡದು ಎನ್ನುತ್ತದೆ 28ನೇ ಸೆಕ್ಷನ್. ಪ್ರತಿ ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು, ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ 24ನೇ ಸೆಕ್ಷನ್. ನಿಷೇಧದ ಸೆಕ್ಷನ್ ಬಹಳ ಮಂದಿಗೆ ಗೊತ್ತು. ಕರ್ತವ್ಯದ ಸೆಕ್ಷನ್ ಬಗ್ಗೆ ಹೆತ್ತವರಿಗೆ ಹೇಳುವವರು ಕಡಿಮೆ.

ಎರಡನೆಯದು ಕಲಿಕಾ ನ್ಯೂನತೆಯದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಚುರುಕುಬುದ್ಧಿಯಿದ್ದೂ ಓದಲಾಗದ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ನಮ್ಮ ಕಾನೂನು ಈ ಮಕ್ಕಳನ್ನು ಕಾಣಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1995ರ ಅಂಗವಿಕಲರ ಕಾಯ್ದೆ ಹೆಸರಿಸಿದ ಏಳು ವಿಧದ ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದೂ ಓದು ತೊಡಕಾಗುವ ಈ ಸ್ಥಿತಿ, ಇರಲಿಲ್ಲ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ಅಂಗವಿಕಲ ಮಕ್ಕಳನ್ನು ಸೇರಿಸಿದಾಗಲೂ ಹಳೆಯ ವ್ಯಾಖ್ಯೆಗಳನ್ನೇ ನೆಚ್ಚಿಕೊಂಡದ್ದರಿಂದ ಇವರು ಹೊರಗೇ ಉಳಿದರು. 2016ರ ಹೊಸ ಕಾಯ್ದೆ ವಿಧಗಳನ್ನು 21ಕ್ಕೆ ಏರಿಸಿ, ಡಿಸ್ಲೆಕ್ಸಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಅದನ್ನು ಆದಷ್ಟು ಬೇಗ ಪತ್ತೆಹಚ್ಚುವುದು ಶಿಕ್ಷಣ ಸಂಸ್ಥೆಗಳ ಹೊಣೆ ಎಂದಿತು. 2018ರ ಮಾರ್ಗಸೂಚಿಯಂತೆ ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ ಮೊದಲ ತಪಾಸಣೆ ನಡೆಸಬೇಕಾದವರು ಶಿಕ್ಷಕರೇ.

ಎರಡು ಚರಿತ್ರೆಗಳು ಕೂಡುವುದು ಇಲ್ಲಿ. ಪತ್ತೆಹಚ್ಚುವ ಅಧಿಕಾರ ಯಾರಿಗಿದೆಯೋ ಅವರೇ ಪರಿಹಾರವನ್ನು ಹಣಕ್ಕೆ ಕೊಡತೊಡಗಿದರೆ, ಹೆತ್ತವರು ಬೇಡವೆನ್ನುವುದು ಹೇಗೆ? ಅಂಕವೂ ಅವರ ಕೈಯಲ್ಲಿ, ಮಗುವಿನ ಮರ್ಯಾದೆಯೂ ಅವರ ಕೈಯಲ್ಲಿ. ಮಗು ಹಿಂದುಳಿದಷ್ಟು ಕಾಲ ಶುಲ್ಕ ಬರುತ್ತದೆ. ಶಿಕ್ಷಕರು ಎಷ್ಟೇ ಒಳ್ಳೆಯವರಾಗಿರಲಿ, ಈ ಏರ್ಪಾಡು ಒಳ್ಳೆಯದಲ್ಲ. ಹಗಲು ಶಾಲೆಯಲ್ಲಿ ಉಚಿತವಾಗಿ ಸಲ್ಲಬೇಕಾದ ಪಾಠಕ್ಕೆ ಸಂಜೆ ಬೆಲೆ ಕಟ್ಟುವುದು ತಪ್ಪು ಎಂದೇ ನಾನು ನಂಬಿದ್ದೇನೆ.

ಅದೂ ಅಲ್ಲದೆ, ಬಹುತೇಕ ಮನೆಪಾಠ ಎಂದರೆ ಬೆಳಗಿನ ಪಾಠವನ್ನೇ ಇನ್ನೊಮ್ಮೆ ಓದಿಸುವುದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬೇಕಾದದ್ದು ಬೇರೆ: ದನಿಗಳನ್ನು ಬಿಡಿಸಿ ಕೇಳಿಸುವುದು, ಗುಣಿತಾಕ್ಷರವನ್ನು ಮರಳಿನಲ್ಲಿ ಬೆರಳಿನಿಂದ ತಿದ್ದಿಸುವುದು, ಒಂದೊಂದೇ ಮೆಟ್ಟಿಲು ಹತ್ತಿಸುವುದು. ಅದಕ್ಕೆ ತರಬೇತಿ ಬೇಕು. ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು.

ಆದರೆ ಹಾಗೆ ತರಬೇತಾದವರೇ ಬೆಟ್ಟದ ಊರಿನಲ್ಲಿ ಒಬ್ಬರಿದ್ದರೆ? ಅವರನ್ನೂ ತಡೆದರೆ ಮಗುವಿಗೆ ಉಳಿಯುವುದೇನು? ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಇಂಥ ಮಕ್ಕಳನ್ನು ಪರೀಕ್ಷಿಸುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರ, ಬೆಂಗಳೂರಿನ ನಿಮ್ಹಾನ್ಸ್ ಸುಮಾರು ಅದರ ಎರಡರಷ್ಟು. ವಾರವಾರ ಮಗುವನ್ನು ಕರೆದೊಯ್ಯುವುದು ತೋಟದ ಕಾರ್ಮಿಕರಿಗೆ ಸಾಧ್ಯವಿಲ್ಲ. ಆದರೂ ಇದಕ್ಕೆ ಉತ್ತರ ಹೆತ್ತವರ ಜೇಬಿನಲ್ಲಿಲ್ಲ. ಅಂಥ ಶಿಕ್ಷಕರ ಸಂಜೆಯ ಗಂಟೆಗೆ ಇಲಾಖೆಯೇ ಹಣ ಕೊಡಲಿ, ಪಾಠ ಶಾಲೆಯಲ್ಲಿಯೇ ನಡೆಯಲಿ. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದಿತು, ಮೇಲಿನ ಹಂತಗಳಲ್ಲಿ ಹದಿನೈದಕ್ಕೆ ಒಬ್ಬರು. ಒಂದೊಂದು ಶಾಲೆಯಲ್ಲಿ ಇಂಥ ಒಬ್ಬಿಬ್ಬರು ಮಕ್ಕಳಷ್ಟೇ ಇರುವ ನಮ್ಮ ಕಡೆ, ಶಾಲೆಯಿಂದ ಶಾಲೆಗೆ ಹೋಗುವ ಶಿಕ್ಷಕರು ಬೇಕು, ಅವರಿಗೆ ಪ್ರಯಾಣದ ವೆಚ್ಚವೂ ಸಿಗಬೇಕು.

ಅಲ್ಲಿಯವರೆಗೆ ಹೆತ್ತವರು ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ಎರಡು ವಿಷಯ ಕೇಳಬಹುದು: ನನ್ನ ಮಗುವಿನ ತಪಾಸಣೆ ಆಗಿದೆಯೇ, ಹೆಚ್ಚುವರಿ ಬೋಧನೆ ಯಾವ ಹೊತ್ತಿಗೆ? ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ಎಲ್ಲರೊಡನೆ ಕಲಿಸುವ ಶಿಕ್ಷಣದ, ಸಂಪನ್ಮೂಲ ಶಿಕ್ಷಕರನ್ನೂ ಕಾಣಬಹುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಈ ಅರ್ಜಿ ಕೊಡಲು ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯ ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ.