ಬಾಣಂತಿಗೆ ಗಾಳಿ ಸೋಕಿದೆಯಂತೆ, ಬಿಡಿಸಬೇಕಾ?

ಪ್ರಶ್ನೆ: ತಂಗಿಗೆ ಹೆರಿಗೆಯಾಗಿ ಹತ್ತು ದಿನ. ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಒಬ್ಬಳೇ ಮಾತಾಡುತ್ತಾಳೆ, ‘ಈ ಕೂಸು ನಂದಲ್ಲ’ ಅಂತಾಳೆ. ಗಾಳಿ ಸೋಕಿದೆ, ಅಮವಾಸ್ಯೆಗೆ ಬಿಡಿಸೋಣ ಅಂತಾರೆ ಹಿರಿಯರು. ಏನು ಮಾಡಲಿ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಅಮವಾಸ್ಯೆವರೆಗೆ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀವು ಬರೆದಿರುವುದು ಬಾಣಂತಿ ಸನ್ನಿಯ, ಅಂದರೆ ಹೆರಿಗೆಯಾದ ಮೇಲೆ ಬರುವ ತೀವ್ರ ಮಾನಸಿಕ ಕಾಯಿಲೆಯ ಹಾಗೆ ಕಾಣುತ್ತದೆ. ಸಾವಿರ ಹೆರಿಗೆಗೆ ಒಂದೆರಡು ಹೆಂಗಸರಿಗೆ ಬರುತ್ತದೆ, ಅದೂ ಮೊದಲ ಎರಡು ವಾರದಲ್ಲೇ ಜಾಸ್ತಿ. ಔಷಧಿಗೆ ಬಗ್ಗುತ್ತದೆ. ಆದರೆ ತಡವಾದರೆ ತಾಯಿಗೂ ಕೂಸಿಗೂ ಅಪಾಯ.

ನಮ್ಮ ಕಡೆ ‘ಗಾಳಿ’ ಅಂದರೆ ಆಸೆ ತೀರದೆ ಸತ್ತವರ ಆತ್ಮ. ಬಾಣಂತಿಯ ಹಸಿಮೈಗೆ ಅದು ಬೇಗ ಹತ್ತುತ್ತದೆ ಅನ್ನುವ ನಂಬಿಕೆಯಿಂದಲೇ ದಿಂಬಿನ ಕೆಳಗೆ ಕಬ್ಬಿಣ ಇಡುತ್ತಾರೆ. ಬಿಡಿಸುವವರು ‘ಯಾರು ನೀನು? ಯಾವೂರು? ಏನು ಬೇಕು?’ ಅಂತ ಕೇಳುತ್ತಾರೆ. ನಿದ್ದೆಗೆಟ್ಟು ಹೆದರಿದವಳು ಸತ್ತವರ ಹೆಸರು ಹೇಳಿದರೆ, ಅದನ್ನೇ ದೆವ್ವ ಮಾತಾಡಿತು ಅಂತ ತಿಳಿಯುತ್ತಾರೆ.

ನಮ್ಮಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಘಾಟು ಬರದಿದ್ದರೆ ‘ಭಾಳ ದೃಷ್ಟಿ ಆಗಿತ್ತು ನೋಡು’ ಅನ್ನುತ್ತಿದ್ದರು. ಆಮೇಲೆ ನನ್ನ ತಲೆ ಸವರುತ್ತಿದ್ದ ಆ ಕೈಯ ಬಿಸಿ ಇನ್ನೂ ನೆನಪಿದೆ. ಅದರಿಂದ ಯಾರಿಗೂ ನೋವಿರಲಿಲ್ಲ. ಅದೇ ಮೆಣಸಿನಕಾಯಿಯನ್ನು ಕೆಂಡಕ್ಕೆ ಸುರಿದು, ಹೆಣ್ಣುಮಗಳ ಮುಖವನ್ನು ಹೊಗೆಗೆ ಹಿಡಿಯುವುದು ಬೇರೆ. ಹೊಲಿಗೆ ಮಾಗದ ಮೈ, ಕೆಮ್ಮಿದರೂ ಹೊಟ್ಟೆ ಹಿಡಿದುಕೊಳ್ಳುವ ಸ್ಥಿತಿ. ಉಸಿರು ಕಟ್ಟಿ ಒದ್ದಾಡಿದರೆ ದೆವ್ವ ಒದ್ದಾಡುತ್ತಿದೆ ಅಂತಾರೆ. ಒದ್ದಾಡುವವಳು ನಿಮ್ಮ ತಂಗಿಯೇ ಅಲ್ವಾ?

ದೆವ್ವ ಬಿಡಿಸುವ ಹೆಸರಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ರಾಜ್ಯದ 2017ರ ಕಾಯ್ದೆ ಪ್ರಕಾರ ಅಪರಾಧ. 2020ರಿಂದ ಜಾರಿಯಲ್ಲಿದೆ. ಒಂದರಿಂದ ಏಳು ವರ್ಷ ಜೈಲು. ಮನೆಯ ಪೂಜೆ, ಭಜನೆಗೆ ಅಡ್ಡಿಯಿಲ್ಲ.

ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಇದೆ. ದೂರ ಅನಿಸಿದರೆ ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಪುಕ್ಕಟೆ ಸಲಹೆ ಸಿಗುತ್ತದೆ, ಕನ್ನಡದಲ್ಲೇ. ಅಲ್ಲಿಯವರೆಗೆ ಕೂಸನ್ನು ಅವಳೊಬ್ಬಳ ಹತ್ತಿರ ಬಿಡಬೇಡಿ. ಅವಳನ್ನೂ ಒಂಟಿಯಾಗಿ ಬಿಡಬೇಡಿ, ಬೈಯಬೇಡಿ.

ಹಿರಿಯರ ಜತೆ ಜಗಳ ಬೇಡ. ಹೊಸ್ತಿಲಲ್ಲಿ ಒಮ್ಮೆ ನಿವಾಳಿಸಿಬಿಡಲಿ. ಗಾಡಿ ಮಾತ್ರ ಬಾಗಿಲಲ್ಲೇ ನಿಂತಿರಲಿ.